ಪೋಪ್ ಹನ್ನೆರಡನೇ ಪಯಸ್

ಪೋಪ್ ಹನ್ನೆರಡನೇ ಪಯಸ್ (ಮಾರ್ಚ್ 2, 1876 – ಅಕ್ಟೋಬರ್ 9, 1958) 1939ರಿಂದ ಕೊನೆಯುಸಿರಿನವರೆಗೆ ಕಥೋಲಿಕ ಧರ್ಮಸಭೆಯ ಪರಮೋಚ್ಚ ಗುರುವಾಗಿದ್ದವರು. ಇವರ ಮೊದಲ ಹೆಸರು ಯುಜೇನಿಯೊ ಪಚೆಲ್ಲಿ. ಎರಡನೇ ಮಹಾಯುದ್ಧದ ಕಾಲದ ಪೋಪ್ ಎಂದೇ ಹೆಚ್ಚು ಪರಿಚಿತರಾದ ಇವರು, ರೋಗಿಯ ಜೀವವನ್ನು ಯಂತ್ರಗಳ ನೆರವಿನಿಂದ ಎಲ್ಲಿಯವರೆಗೆ ಉಳಿಸಬೇಕು ಎಂಬ ಪ್ರಶ್ನೆಗೆ 1957ರಲ್ಲಿ ನೀಡಿದ ಉತ್ತರದಿಂದಾಗಿ ವೈದ್ಯಕೀಯ ನೀತಿಶಾಸ್ತ್ರದ ಇತಿಹಾಸದಲ್ಲಿಯೂ ಸ್ಥಾನ ಪಡೆದಿದ್ದಾರೆ.

ಜೀವನ

ರೋಮ್ ನಗರದಲ್ಲಿ ಜನಿಸಿದ ಪಚೆಲ್ಲಿ 1899ರಲ್ಲಿ ಗುರುದೀಕ್ಷೆ ಪಡೆದರು. 1917ರಲ್ಲಿ ಬವೇರಿಯಾಕ್ಕೆ ಪೋಪರ ರಾಯಭಾರಿಯಾಗಿ ತೆರಳಿದರು. 1929ರಲ್ಲಿ ಕಾರ್ಡಿನಲ್ ಪದವಿಗೇರಿ, ಮರುವರ್ಷ ವ್ಯಾಟಿಕನ್ನಿನ ರಾಜ್ಯ ಕಾರ್ಯದರ್ಶಿಯಾದರು. 1939ರ ಮಾರ್ಚ್ 2ರಂದು, ತಮ್ಮ 63ನೇ ಹುಟ್ಟುಹಬ್ಬದ ದಿನವೇ, ಪೋಪ್ ಆಗಿ ಆಯ್ಕೆಯಾದರು. ಯಹೂದಿಗಳ ನರಮೇಧವನ್ನು ಇವರು ಬಹಿರಂಗವಾಗಿ, ನೇರವಾಗಿ ಖಂಡಿಸಲಿಲ್ಲವೆಂಬ ಆಕ್ಷೇಪವಿದೆ. ಧರ್ಮಸಭೆಯ ಮಠಗಳಲ್ಲಿ ಅನೇಕ ಯಹೂದಿಗಳಿಗೆ ಆಶ್ರಯ ದೊರೆತುದನ್ನು ಸಮರ್ಥಕರು ಮುಂದಿಡುತ್ತಾರೆ. ಈ ಚರ್ಚೆ ಇಂದಿಗೂ ಮುಗಿದಿಲ್ಲ.

ವೈದ್ಯಕೀಯ ನೀತಿ

ಯುದ್ಧಾನಂತರ ಪಯಸ್ ಅವರು ವೈದ್ಯರು, ಸೂಲಗಿತ್ತಿಯರು ಹಾಗೂ ವಿಜ್ಞಾನಿಗಳನ್ನು ಉದ್ದೇಶಿಸಿ ಅನೇಕ ಭಾಷಣಗಳನ್ನು ಮಾಡಿದರು. ರೋಗಿಯು ಒಪ್ಪಿಗೆಯ ಮೂಲಕ ನೀಡಿದಷ್ಟೇ ಅಧಿಕಾರ ವೈದ್ಯನಿಗಿದೆ. ವಿಜ್ಞಾನದ ಅಥವಾ ಸಮಾಜದ ಹಿತಕ್ಕಾಗಿ ವ್ಯಕ್ತಿಯನ್ನು ಪ್ರಯೋಗದ ವಸ್ತುವಾಗಿಸಲಾಗದು ಎಂದು 1952ರಲ್ಲಿ ಪ್ರತಿಪಾದಿಸಿದರು. 1956ರಲ್ಲಿ ಮೃತರ ಕಣ್ಣಿನಿಂದ ಕಾರ್ನಿಯಾ ತೆಗೆದು ಕಸಿ ಮಾಡುವುದನ್ನು ಒಪ್ಪಿದರು. ಬೇರೆ ಉಪಾಯವಿಲ್ಲದಾಗ ತೀವ್ರ ನೋವನ್ನು ತಗ್ಗಿಸಲು ನೀಡುವ ಔಷಧಿಯಿಂದ ಆಯುಷ್ಯ ಮೊಟಕಾಗುವ ಸಾಧ್ಯತೆಯಿದ್ದರೂ, ಸಾವು ಉದ್ದೇಶವಾಗಿರದಿದ್ದರೆ ಅದು ಸಲ್ಲುತ್ತದೆ ಎಂದು 1957ರ ಫೆಬ್ರವರಿಯಲ್ಲಿ ವಿವರಿಸಿದರು.

ಆ ಹೊತ್ತಿಗೆ ಕೃತಕ ಉಸಿರಾಟದ ಯಂತ್ರಗಳು ಆಸ್ಪತ್ರೆಗಳಿಗೆ ಬಂದಿದ್ದವು. ಪ್ರಜ್ಞೆ ಮರಳುವ ಭರವಸೆಯಿಲ್ಲದ ರೋಗಿಗೆ ಯಂತ್ರ ಅಳವಡಿಸಲೇಬೇಕೇ, ಅಳವಡಿಸಿದ್ದನ್ನು ತೆಗೆಯಬಹುದೇ ಎಂದು ಆಸ್ಟ್ರಿಯಾದ ಇನ್ಸ್‌ಬ್ರುಕ್‌ನ ಅರಿವಳಿಕೆ ತಜ್ಞ ಬ್ರೂನೋ ಹೈಡ್ ಕೇಳಿದ್ದರು. 1957ರ ನವೆಂಬರ್ 24ರಂದು ಪಯಸ್ ಉತ್ತರಿಸಿದರು. ಸ್ಪ್ಯಾನಿಷ್ ದೈವಶಾಸ್ತ್ರಜ್ಞರು 16ನೇ ಶತಮಾನದಲ್ಲಿ ರೂಪಿಸಿದ್ದ ತತ್ತ್ವವೇ ಅದಕ್ಕೆ ಆಧಾರ. ಜೀವರಕ್ಷಣೆಗೆ ಸಾಮಾನ್ಯ ಉಪಾಯಗಳನ್ನು ಬಳಸುವುದು ಕರ್ತವ್ಯ. ರೋಗಿಗಾಗಲೀ ಇತರರಿಗಾಗಲೀ ವಿಪರೀತ ಹೊರೆಯಾಗುವ ಅಸಾಮಾನ್ಯ ಉಪಾಯಗಳು ಕಡ್ಡಾಯವಲ್ಲ. ಅಂತಹ ಸಂದರ್ಭದಲ್ಲಿ ಕುಟುಂಬದವರು ಯಂತ್ರವನ್ನು ನಿಲ್ಲಿಸುವಂತೆ ಕೋರಬಹುದು, ಅದು ದಯಾಮರಣವಾಗದು. ಸಾವಿನ ಕ್ಷಣವನ್ನು ನಿರ್ಧರಿಸುವ ಹೊಣೆ ವೈದ್ಯರದೇ ಹೊರತು ಧರ್ಮಸಭೆಯದಲ್ಲ ಎಂದೂ ತಿಳಿಸಿದರು.

ದಯಾಮರಣ, ಗರ್ಭಪಾತ ಮತ್ತು ಕೃತಕ ಗರ್ಭಧಾರಣೆಗಳ ವಿಷಯದಲ್ಲಿ ಇವರ ನಿಷೇಧ ಕಟ್ಟುನಿಟ್ಟಾಗಿತ್ತು. ಗರ್ಭ ತಡೆಯುವುದನ್ನೇ ಉದ್ದೇಶಿಸಿ ಮಾತ್ರೆ ಸೇವಿಸುವುದನ್ನು 1958ರ ಸೆಪ್ಟೆಂಬರ್‌ನಲ್ಲಿ ನಿರಾಕರಿಸಿದರಾದರೂ, ರೋಗ ಚಿಕಿತ್ಸೆಗಾಗಿ ಅದೇ ಔಷಧಿಯ ಬಳಕೆಯನ್ನು ಒಪ್ಪಿದರು.

ನಿಧನ

ಮುಂದಿನ ತಿಂಗಳು ಪಯಸ್ ಕಾಸ್ಟೆಲ್ ಗಂಡೋಲ್ಫೊದಲ್ಲಿ ನಿಧನರಾದರು. ಇವರ ಆಪ್ತವೈದ್ಯ ರಿಕಾರ್ಡೊ ಗಲೆಯಾಝಿ-ಲಿಸಿ ಮರಣಶಯ್ಯೆಯ ಛಾಯಾಚಿತ್ರಗಳನ್ನು ತೆಗೆದು ಪತ್ರಿಕೆಗಳಿಗೆ ಮಾರಿದ್ದು ದೊಡ್ಡ ಹಗರಣವಾಯಿತು. ಆತ ಕೈಗೊಂಡ ಶವಸಂರಕ್ಷಣೆಯೂ ವಿಫಲವಾಯಿತು.

ಪ್ರಭಾವ

ಮಿದುಳು ಸಾವಿನ ಮಾನದಂಡಗಳನ್ನು ಸೂಚಿಸಿದ ಹಾರ್ವರ್ಡ್ ಸಮಿತಿಯ 1968ರ ವರದಿ ಹಾಗೂ ಕ್ಯಾರೆನ್ ಆ್ಯನ್ ಕ್ವಿನ್ಲನ್ ಪ್ರಕರಣದಲ್ಲಿ ನ್ಯೂಜೆರ್ಸಿ ಸರ್ವೋಚ್ಚ ನ್ಯಾಯಾಲಯ ನೀಡಿದ 1976ರ ತೀರ್ಪು 1957ರ ಭಾಷಣವನ್ನು ಉಲ್ಲೇಖಿಸಿವೆ. ದಯಾಮರಣ ಕುರಿತ ವ್ಯಾಟಿಕನ್ನಿನ 1980ರ ಘೋಷಣೆಯೂ ಇದೇ ತತ್ತ್ವವನ್ನು ಮುಂದುವರಿಸಿತು.