ವೀರಮಾರ್ತಾಂಡ ಚಾವುಂಡರಾಯನ ಧರ್ಮಜೀವನ

ಪ್ರಾತಃಸ್ಮರಣೀಯನಾದ ಚಾವುಂಡರಾಯನ ಹೆಸರನ್ನು ಕೇಳಿದೊಡನೆ ಜಿನಭಕ್ತರ ಕಣ್ಣ ಮುಂದೆ ಶ್ರವಣಬೆಳಗೊಳದ ವಿಂಧ್ಯಗಿರಿಯ ಮೇಲಿನ 58 ಅಡಿ ಎತ್ತರದ ಭಗವಾನ್ ಬಾಹುಬಲಿಯ ದಿವ್ಯಮೂರ್ತಿ ಬಂದು ನಿಲ್ಲುತ್ತದೆ. ಆ ಮೂರ್ತಿಯನ್ನು ಮಾಡಿಸಿದ ಕೈ ಖಡ್ಗ ಹಿಡಿದ ಕೈಯೂ ಹೌದೆಂಬುದನ್ನು ನೆನೆಯುವವರು ವಿರಳ.

ಬ್ರಹ್ಮಕ್ಷತ್ರಿಯ ವಂಶದಲ್ಲಿ ಜನಿಸಿದ ಈ ಮಹಾಪುರುಷನು ಗಂಗ ಅರಸರಾದ ಮಾರಸಿಂಹ ಹಾಗೂ ರಾಚಮಲ್ಲರಿಗೆ ಮಂತ್ರಿಯೂ ಸೇನಾಪತಿಯೂ ಆಗಿದ್ದನು. ತಾಯಿ ಕಾಳಲದೇವಿಯು ಪರಮ ಜಿನಭಕ್ತೆ, ಗುರುಗಳು ಅಜಿತಸೇನಾಚಾರ್ಯರು. ಖೇಡಗದ ಯುದ್ಧದಲ್ಲಿ ವಜ್ವಲದೇವನನ್ನು ಸೋಲಿಸಿ ಸಮರಧುರಂಧರನೆನಿಸಿದನು. ಗೋನೂರಿನ ಬಯಲಿನಲ್ಲಿ ನೊಳಂಬರೊಡನೆ ಹೋರಾಡಿ ವೀರಮಾರ್ತಾಂಡನೆನಿಸಿದನು. ಉಚ್ಚಂಗಿಯ ಕೋಟೆಯಲ್ಲಿ ರಾಜಾದಿತ್ಯನನ್ನು ಎದುರಿಸಿ ರಣರಂಗಸಿಂಗನೆನಿಸಿದನು. ಇವುಗಳ ಜೊತೆಯಲ್ಲಿಯೇ ಸಮ್ಯಕ್ತ್ವರತ್ನಾಕರ, ಶೌಚಾಭರಣ, ಸತ್ಯಯುಧಿಷ್ಠಿರ ಎಂಬ ಬಿರುದುಗಳೂ ಅವನಿಗಿದ್ದವು. ಪರಿಹಾಸಕ್ಕಾದರೂ ಸುಳ್ಳಾಡದವನೆಂಬುದು ಕೊನೆಯದರ ಕಾರಣ.

ಅಹಿಂಸೆಯನ್ನು ನಂಬಿದವನಿಗೆ ರಣರಂಗದಲ್ಲಿ ಏನು ಕೆಲಸವೆಂದು ಅನ್ಯಮತೀಯರು ಕೇಳುವುದುಂಟು. ಮುನಿಗಳ ಮಹಾವ್ರತ ಬೇರೆ, ಗೃಹಸ್ಥನ ಅಣುವ್ರತ ಬೇರೆ. ಸಂಕಲ್ಪಪೂರ್ವಕವಾಗಿ ತ್ರಸಜೀವಿಗಳನ್ನು ಕೊಲ್ಲದಿರುವುದೇ ಶ್ರಾವಕನ ಅಹಿಂಸಾಣುವ್ರತವೆಂದು ಸಮಂತಭದ್ರಾಚಾರ್ಯರು ರತ್ನಕರಂಡಕದಲ್ಲಿ ವಿಧಿಸಿದ್ದಾರೆ. ಅಡಿಗೆಯಲ್ಲಿ, ಬೇಸಾಯ ವ್ಯಾಪಾರಗಳಲ್ಲಿ ಆಗುವ ಹಿಂಸೆಯನ್ನು ಗೃಹಸ್ಥನು ಪೂರ್ಣವಾಗಿ ಬಿಡಲಾರನು. ಹಾಗೆಯೇ ನಾಡಿನ ಮೇಲೆ ಬಂದ ವೈರಿಯನ್ನು ತಡೆಯುವಾಗ ಆಗುವುದು ವಿರೋಧೀ ಹಿಂಸೆ. ಅದರಿಂದಲೂ ಕರ್ಮಬಂಧವು ತಪ್ಪದು. ಆದರೆ ಅಣುವ್ರತಕ್ಕೆ ಭಂಗವಿಲ್ಲ. ಈ ನಂಬಿಕೆಯಿಂದಲೇ ಗಂಗರ ಕಾಲದ ಜೈನವೀರರು ಶಸ್ತ್ರ ಹಿಡಿದರು.

ಆದರೆ ಚಾವುಂಡರಾಯನ ಜೀವನದ ಒಂದು ಘಟನೆಗೆ ಈ ಸಮಾಧಾನವು ಸಾಲದು. ಅವನ ತಮ್ಮನಾದ ನಾಗವರ್ಮನನ್ನು ಮುದುರಾಚಯ್ಯನೆಂಬವನು ಕೊಂದನು. ಚಾವುಂಡರಾಯನು ಅವನನ್ನು ಸಂಹರಿಸಿ ಸೇಡು ತೀರಿಸಿಕೊಂಡನು. ಸಮರಪರಶುರಾಮ ಎಂಬ ಬಿರುದು ಬಂದದ್ದು ಇದರಿಂದಲೇ. ತಮ್ಮನ ಮರಣದ ಸಂಕಟ ಎಷ್ಟೇ ದೊಡ್ಡದಿರಲಿ, ಇದನ್ನು ಬರಿಯ ರಾಜ್ಯರಕ್ಷಣೆಯೆನ್ನಲು ಬರುವುದಿಲ್ಲ. ಇದರಲ್ಲಿ ಕ್ರೋಧವಿದೆ, ಸಂಕಲ್ಪವೂ ಇದೆ.

ಮಾರಸಿಂಹನು ಅನೇಕ ಯುದ್ಧಗಳನ್ನು ಗೆದ್ದು, ಕೊನೆಗೆ ರಾಜ್ಯವನ್ನು ತ್ಯಜಿಸಿ, ಬಂಕಾಪುರದಲ್ಲಿ ಅಜಿತಸೇನರ ಸನ್ನಿಧಿಯಲ್ಲಿ ಮೂರು ದಿನಗಳ ಸಲ್ಲೇಖನದಿಂದ 974ರಲ್ಲಿ ದೇಹ ಬಿಟ್ಟನು. ಚಾವುಂಡರಾಯನು ಮಂತ್ರಿಪದದಲ್ಲಿಯೇ ಉಳಿದನಾದರೂ ಅವನ ಮನಸ್ಸು ಶಾಸ್ತ್ರದ ಕಡೆಗೆ ತಿರುಗಿತ್ತು. 978ರಲ್ಲಿ 63 ಶಲಾಕಾಪುರುಷರ ಚರಿತೆಯನ್ನು ಕನ್ನಡ ಗದ್ಯದಲ್ಲಿ ರಚಿಸಿದನು. ಅವನಿಗಾಗಿ ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳು ಗೊಮ್ಮಟಸಾರವನ್ನು ಬರೆದರು. ಅದರಲ್ಲಿ ಕ್ರೋಧವನ್ನು ನಾಲ್ಕು ಬಗೆಯ ಗೆರೆಗಳಿಗೆ ಹೋಲಿಸಿದೆ: ನೀರಿನ ಮೇಲಿನದು, ಧೂಳಿನ ಮೇಲಿನದು, ನೆಲದ ಮೇಲಿನದು, ಕಲ್ಲಿನ ಮೇಲಿನದು. ಕಲ್ಲಿನ ಗೆರೆಯಂತಹ ಕ್ರೋಧವು ನರಕಕ್ಕೆ ಒಯ್ಯುತ್ತದೆ. ತಮ್ಮನ ಕೊಲೆಗೆ ಸೇಡು ತೀರಿಸಿಕೊಂಡ ಸೇನಾಪತಿಯು ಇದನ್ನು ಗುರುಮುಖದಿಂದ ಕೇಳುವಾಗ ಅವನ ಹೃದಯದಲ್ಲಿ ಏನು ನಡೆದಿರಬಹುದೆಂಬುದನ್ನು ಗೃಹಸ್ಥರು ಊಹಿಸಬಲ್ಲರು.

981ರಲ್ಲಿ ಅವನು ಪ್ರತಿಷ್ಠಾಪಿಸಿದ್ದು ಬಾಹುಬಲಿಯನ್ನು. ಭರತ ಬಾಹುಬಲಿಗಳ ಸೇನೆಗಳು ಎದುರುಬದುರಾದಾಗ, ಸಹಸ್ರಾರು ಜನ ಸಾಯುವುದು ಬೇಡವೆಂದು ಮಂತ್ರಿಗಳು ತಡೆದರು. ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧ ಮೂರರಲ್ಲಿಯೂ ತಮ್ಮನೇ ಗೆದ್ದನು. ಎತ್ತಿ ಹಿಡಿದ ಅಣ್ಣನನ್ನು ನೆಲಕ್ಕೆ ಅಪ್ಪಳಿಸದೆ ಮೆಲ್ಲನೆ ಇಳಿಸಿದನು. ಸೋತ ಭರತನು ಚಕ್ರವನ್ನೇ ಪ್ರಯೋಗಿಸಿದಾಗಲೂ ಪ್ರತೀಕಾರಕ್ಕೆ ಹೋಗದೆ ರಾಜ್ಯವನ್ನು ಬಿಟ್ಟು ತಪಸ್ಸಿಗೆ ನಿಂತನು. ತಾಯಿಯ ಇಚ್ಛೆಯನ್ನು ಪೂರೈಸಲು ಮೂರ್ತಿಯನ್ನು ಮಾಡಿಸಿದನೆಂದು ಪರಂಪರೆ ಹೇಳುತ್ತದೆ. ಅದು ಸತ್ಯವೇ ಇರಬೇಕು. ಆದರೂ ಕೈಗೆ ಸಿಕ್ಕ ಎದುರಾಳಿಯನ್ನು ಬಿಟ್ಟುಕೊಟ್ಟ ವೀರನ ಪದತಲದಲ್ಲಿ ಸಮರಪರಶುರಾಮನು ತಲೆಬಾಗಿದ್ದು ಸಣ್ಣ ಮಾತಲ್ಲ.

ಮೂರ್ತಿಯ ಪಾದದ ಬಳಿ ಕನ್ನಡ, ತಮಿಳು, ಮರಾಠಿ ಭಾಷೆಗಳಲ್ಲಿ ಚಾವುಂಡರಾಯನು ಮಾಡಿಸಿದನೆಂದು ಮಾತ್ರ ಕೊರೆದಿದೆ; ಯುದ್ಧದ ಬಿರುದು ಒಂದೂ ಇಲ್ಲ. ಅವನ ಪರಾಕ್ರಮವನ್ನು ಬಣ್ಣಿಸಿದ್ದು ತ್ಯಾಗದ ಬ್ರಹ್ಮದೇವ ಕಂಬದ ಶಾಸನ. ಅದರ ಬಹುಭಾಗವನ್ನು ಮುಂದೆ ಹೆಗ್ಗಡೆ ಕಣ್ಣನೆಂಬವನು ತನ್ನ ಲೇಖನಕ್ಕಾಗಿ ಅಳಿಸಿಬಿಟ್ಟದ್ದು ನಾಡಿನ ದೌರ್ಭಾಗ್ಯ. ಚಾವುಂಡರಾಯನ ಮಗ ಜಿನದೇವಣನೂ ಅಜಿತಸೇನರ ಶಿಷ್ಯನಾಗಿ ಬೆಳಗೊಳದಲ್ಲಿ ಜಿನಾಲಯವನ್ನು ಕಟ್ಟಿಸಿದನು.