ಕಿವಿಯ ಟ್ಯೂಬ್: ಪೊಲಿಟ್ಜರ್ ಕಂಡ ತೊಡಕು, ಇಂದಿನ ಎಚ್ಚರ

ಮಗುವಿನ ಕಿವಿಗೆ ಟ್ಯೂಬ್ ಹಾಕಿಸಿದ್ದೀರಾ? ಹಾಗಾದರೆ ಆಡಂ ಪೊಲಿಟ್ಜರ್ ಬಗ್ಗೆ ತಿಳಿಯಿರಿ. 1835ರಲ್ಲಿ ಹಂಗೇರಿಯಲ್ಲಿ ಹುಟ್ಟಿದ ಇವರು ವಿಯೆನ್ನಾದಲ್ಲಿ ಕಿವಿ ವೈದ್ಯರಾದರು. ಕೀವು, ನೀರು ಹೊರಬರಲೆಂದು ಕಿವಿತಮಟೆಗೆ ಮಾಡಿದ ರಂಧ್ರ ಬೇಗನೆ ಮುಚ್ಚಿಕೊಳ್ಳುತ್ತಿತ್ತು. ಅದನ್ನು ತಡೆಯಲು 1860ರ ದಶಕದಲ್ಲಿ ರಬ್ಬರಿನ ಪುಟ್ಟ ಕೊಳವೆ ಕೂರಿಸಿದರು. ಅದು ಕಟ್ಟಿಕೊಳ್ಳುತ್ತಿತ್ತು, ಉದುರುತ್ತಿತ್ತು. ಉಪಾಯ ಮೂಲೆ ಸೇರಿತು. ಪೊಲಿಟ್ಜರ್ 1920ರಲ್ಲಿ ತೀರಿಕೊಂಡರು. 1954ರಲ್ಲಿ ಅಮೆರಿಕದ ವೈದ್ಯ ಆರ್ಮ್‌ಸ್ಟ್ರಾಂಗ್ ಪ್ಲಾಸ್ಟಿಕ್ ಟ್ಯೂಬಿನಿಂದ ಅದಕ್ಕೆ ಮರುಜೀವ ಕೊಟ್ಟರು.

ಇಂದೂ ಟ್ಯೂಬ್ ಕಟ್ಟಬಹುದು, ಬೇಗ ಉದುರಬಹುದು, ಕಿವಿ ಸೋರಬಹುದು. ಕೆಲವೊಮ್ಮೆ ರಂಧ್ರ ಮುಚ್ಚದೇ ಉಳಿಯಬಹುದು. ಸಾಮಾನ್ಯವಾಗಿ 6ರಿಂದ 18 ತಿಂಗಳಲ್ಲಿ ಟ್ಯೂಬ್ ತಾನಾಗಿ ಉದುರುತ್ತದೆ, ಗಾಬರಿ ಬೇಡ. ಕಿವಿ ಸೋರಿದರೆ ಕಡ್ಡಿ, ಎಣ್ಣೆ ಹಾಕದೆ ಇಎನ್‌ಟಿ ವೈದ್ಯರಿಗೆ ತೋರಿಸಿ. ಸೋರದಿದ್ದರೂ ತಪಾಸಣೆ ತಪ್ಪಿಸಬೇಡಿ.