ನಾಯಕನಾಗದ ಧಾರವಾಡದ ಬೌಲರ್

ನಮ್ಮ ಅನ್ನಪೂರ್ಣೇಶ್ವರಿ ನಗರದಲ್ಲಿ ಭಾನುವಾರ ಟೆನಿಸ್ ಬಾಲ್ ಕ್ರಿಕೆಟ್ ಆಡುವಾಗ ಚೆನ್ನಾಗಿ ಬೌಲಿಂಗ್ ಮಾಡುವವನಿಗೆ ಬ್ಯಾಟಿಂಗ್ ಸಿಗುವುದು ಕೊನೆಗೇ. ಅಷ್ಟಕ್ಕೇ ಜಗಳ ಆಗುತ್ತದೆ. ಪಲ್ವಂಕರ್ ಬಾಲೂ ಅವರಿಗೆ ಪೂನಾ ಕ್ಲಬ್ಬಿನ ನೆಟ್ಸ್‌ನಲ್ಲಿ ಬ್ಯಾಟು ಕೈಗೆ ಕೊಡುತ್ತಲೇ ಇರಲಿಲ್ಲ.

ಬಾಲೂ ಹುಟ್ಟಿದ್ದು 1870ರ ದಶಕದಲ್ಲಿ, ನಮ್ಮ ಧಾರವಾಡದಲ್ಲಿ. ಅಸ್ಪೃಶ್ಯರೆಂದು ದೂರವಿಟ್ಟಿದ್ದ ಚರ್ಮಕಾರ ಸಮುದಾಯದ ಮನೆತನ. ತಂದೆ ಸೈನ್ಯದಲ್ಲಿ ಕೆಲಸಕ್ಕಿದ್ದರು. ಪುಣೆಯಲ್ಲಿ ಪಾರ್ಸಿಗಳ ಮೈದಾನದಲ್ಲಿ ಪಿಚ್ ಗುಡಿಸಿ ರೋಲರ್ ಎಳೆಯುವುದು ಬಾಲೂ ಅವರ ಮೊದಲ ಕೆಲಸ, ಸಂಬಳ ತಿಂಗಳಿಗೆ 3 ರೂಪಾಯಿ. ಆಮೇಲೆ ಬ್ರಿಟಿಷರ ಪೂನಾ ಕ್ಲಬ್ಬಿನಲ್ಲಿ 4 ರೂಪಾಯಿ. ಅಲ್ಲಿ ನೆಟ್ಸ್‌ನಲ್ಲಿ ಸಾಹೇಬರಿಗೆ ಗಂಟೆಗಟ್ಟಲೆ ಎಡಗೈ ಸ್ಪಿನ್ ಹಾಕಬೇಕಿತ್ತು. ಹೆಸರಾಂತ ಬ್ಯಾಟ್ಸ್‌ಮನ್ ಗ್ರೆಗ್, ತನ್ನನ್ನು ಔಟ್ ಮಾಡಿದಾಗಲೆಲ್ಲ ಎಂಟಾಣೆ ಕೊಡುತ್ತಿದ್ದನೆಂಬ ಕಥೆಯಿದೆ. ಕೋಚಿಂಗ್ ಇಲ್ಲ, ಕಿಟ್ ಇಲ್ಲ, ಕೂಲಿ ಕೆಲಸವೇ ತರಬೇತಿ!

ಬ್ರಿಟಿಷರನ್ನು ಸೋಲಿಸಬೇಕಾದಾಗ ಪುಣೆಯ ಹಿಂದೂ ತಂಡಕ್ಕೆ ಈ ಬೌಲರ್ ಬೇಕಾದರು. ಮೈದಾನದಲ್ಲಿ ಎಲ್ಲರೂ ಮುಟ್ಟುತ್ತಿದ್ದದ್ದು ಒಂದೇ ಚೆಂಡನ್ನು. ಚಹಾ ವಿರಾಮದಲ್ಲಿ ಮಾತ್ರ ಅವರಿಗೆ ಪೆವಿಲಿಯನ್ನಿನ ಹೊರಗೆ, ಕುಡಿದು ಬಿಸಾಡುವ ಮಣ್ಣಿನ ಕುಡಿಕೆಯಲ್ಲಿ ಚಹಾ. ಅದೇ ಕೈ ತೆಗೆದ ವಿಕೆಟ್ ಮಾತ್ರ ಯಾರಿಗೂ ಮೈಲಿಗೆಯಾಗಲಿಲ್ಲ.

ಪುಣೆಯಲ್ಲಿ ಪ್ಲೇಗ್ ಬಂದ ಕಾಲದಲ್ಲಿ ಬಾಲೂ ಮುಂಬೈ ಸೇರಿದರು. 1906 ಮತ್ತು 1907ರಲ್ಲಿ ಹಿಂದೂ ತಂಡ ಯುರೋಪಿಯನ್ನರನ್ನು ಸೋಲಿಸಿದ್ದರಲ್ಲಿ ಅವರದು ದೊಡ್ಡ ಪಾಲು. 1911ರಲ್ಲಿ ಪಟಿಯಾಲಾ ಮಹಾರಾಜರ ನಾಯಕತ್ವದ ಅಖಿಲ ಭಾರತ ತಂಡ ಇಂಗ್ಲೆಂಡಿಗೆ ಹೋಯಿತು. ಸೋತದ್ದೇ ಹೆಚ್ಚು. ಆದರೆ ಬಾಲೂ ಒಬ್ಬರೇ ಒಟ್ಟು 114 ವಿಕೆಟ್ ಪಡೆದರು. ಭಾರತ ಮೊದಲ ಟೆಸ್ಟ್ ಆಡಿದ್ದು 1932ರಲ್ಲಿ, ಅಷ್ಟರಲ್ಲಿ ಇವರ ಆಟದ ಕಾಲ ಮುಗಿದಿತ್ತು.

ಹಿರಿಯ ಆಟಗಾರನಾಗಿದ್ದರೂ ಹಿಂದೂ ತಂಡದ ನಾಯಕತ್ವ ಕೊಡಲಿಲ್ಲ. ತಮ್ಮಂದಿರಾದ ಶಿವರಾಂ, ಗಣಪತ್, ವಿಠ್ಠಲ್ ಕೂಡ ಆಟಗಾರರೇ. 1920ರಲ್ಲಿ ಈ ಅನ್ಯಾಯ ಪ್ರತಿಭಟಿಸಿ ಶಿವರಾಂ, ವಿಠ್ಠಲ್ ತಂಡದಿಂದ ಹೊರಗುಳಿದರು. ಆಗ ಬಾಲೂ ಉಪನಾಯಕರಾದರು, ಅಷ್ಟೇ. 1923ರಲ್ಲಿ ನಾಯಕನಾದದ್ದು ತಮ್ಮ ವಿಠ್ಠಲ್.

ನನಗೆ ಇನ್ನೂ ಕಾಡುವುದು ಬೇರೆ ಸಂಗತಿ. 1911ರಲ್ಲಿ ಇಂಗ್ಲೆಂಡಿನಿಂದ ಮರಳಿದಾಗ ಮುಂಬೈಯ ದಲಿತರು ಬಾಲೂ ಅವರಿಗೆ ಸನ್ಮಾನ ಮಾಡಿದರು. ಅಂದಿನ ಅಭಿನಂದನಾ ಪತ್ರ ಬರೆದವರು ಯುವಕ ಭೀಮರಾವ್ ಅಂಬೇಡ್ಕರ್. ಮುಂದೆ ಇಬ್ಬರ ದಾರಿ ಬೇರೆಯಾಯಿತು. ಪ್ರತ್ಯೇಕ ಚುನಾಯಕ ಗಣ ಬೇಕೆಂದು ಅಂಬೇಡ್ಕರ್, ಬೇಡವೆಂದು ಬಾಲೂ. 1937ರ ಚುನಾವಣೆಯಲ್ಲಿ ಕಾಂಗ್ರೆಸ್ ಬಾಲೂ ಅವರನ್ನೇ ಅಂಬೇಡ್ಕರ್ ವಿರುದ್ಧ ನಿಲ್ಲಿಸಿತು. ಅಲ್ಲೂ ಅವರನ್ನು ಬೌಲರಿನಂತೆ ಬಳಸಿಕೊಂಡರೇ ಎಂದು ನನಗನ್ನಿಸುತ್ತದೆ. ಸುಮಾರು 2 ಸಾವಿರ ಮತಗಳಿಂದ ಸೋತ ಬಾಲೂ, 1955ರಲ್ಲಿ ಮುಂಬೈಯಲ್ಲಿ ತೀರಿಕೊಂಡರು.